ಏಳನೇ ಪಂದ್ಯ ಯಾರಿಗೆ ಬೇಕು? ಎನ್‌ಬಿಎ ಪ್ಲೇಆಫ್, ರೆಫರಿಯ ಸೀಟಿ ಮತ್ತು ಸ್ವಲ್ಪ ಲೆಕ್ಕ

2025ರ ಜೂನ್ 20, ಶುಕ್ರವಾರ ಬೆಳಿಗ್ಗೆ ಆರು ಗಂಟೆ. ಹಾಸ್ಟೆಲ್ಲಿನ ಒಂದು ರೂಮಿನಲ್ಲಿ, ಒಂದೇ ಲ್ಯಾಪ್‌ಟಾಪಿನ ಸುತ್ತ ನಾವು ಏಳೆಂಟು ಜನ ಕಣ್ಣುಜ್ಜಿಕೊಂಡು ಕೂತಿದ್ದೆವು. ಎನ್‌ಬಿಎ ಫೈನಲ್ಸ್‌ನ ಆರನೇ ಪಂದ್ಯ ನಡೀತಿತ್ತು. ಸರಣಿಯಲ್ಲಿ ಒಕ್ಲಹೋಮ ಸಿಟಿ ಥಂಡರ್ 3–2ರಿಂದ ಮುಂದಿತ್ತು. ಇಂಡಿಯಾನಾ ಪೇಸರ್ಸ್ ತಮ್ಮ ಊರಿನಲ್ಲಿ 108–91ರಿಂದ ಗೆದ್ದು ಸರಣಿಯನ್ನು 3–3ಕ್ಕೆ ತಂದರು. ನಾವು ಚಪ್ಪಾಳೆ ಹೊಡೀತಿದ್ದಾಗ ಮೂಲೆಯಲ್ಲಿದ್ದ ಗೆಳೆಯನೊಬ್ಬ ಆಕಳಿಸುತ್ತಾ ಹೇಳಿದ: "ಗೊತ್ತಿದ್ದಿದ್ದೇ ಬಿಡ್ರೋ. ಅವರಿಗೆ ಏಳನೇ ಮ್ಯಾಚ್ ಬೇಕಿತ್ತು. ರೆಫರಿಗಳಿಗೆ ಮೊದಲೇ ಹೇಳಿರ್ತಾರೆ."

ಈ ಮಾತು ನಮಗೆ ಹೊಸದಲ್ಲ. ಸ್ವಲ್ಪ ತಿಂಗಳ ಹಿಂದೆ ನಮ್ಮದೇ ಇಂಟರ್-ಬ್ರಾಂಚ್ ಫೈನಲ್‌ನಲ್ಲಿ ಇದೇ ಮಾತನ್ನು ನಾವೇ ಆಡಿದ್ದೆವು. ಮೂರು ಪಂದ್ಯಗಳ ಫೈನಲ್ ಅದು. ಮೊದಲನೆಯದನ್ನು ನಮ್ಮ ಬ್ರಾಂಚ್ ಗೆದ್ದಿತ್ತು, ಎರಡನೆಯದನ್ನು ಸೋತೆವು. ಸೀಟಿ ಊದುತ್ತಿದ್ದವನು ನಮ್ಮ ಹಾಗೇ ಒಬ್ಬ ವಿದ್ಯಾರ್ಥಿ. "ಮೂರನೇ ಮ್ಯಾಚಿಗೆ ಜನ ಸೇರಲಿ ಅಂತ ಹೀಗೆ ಮಾಡ್ದೆ ಅಲ್ವಾ?" ಅಂತ ಎಲ್ಲರ ಮುಂದೆ ಅವನ ಮೇಲೆ ಕೂಗಾಡಿದೆವು. ಅವನು ಏನೂ ಹೇಳಲಿಲ್ಲ. ಸೀಟಿ ತೆಗೆದು ಸ್ಕೋರ್ ಟೇಬಲ್ ಮೇಲಿಟ್ಟು ಹೋದ. ಆಮೇಲೆ ಅವನು ಯಾವ ಪಂದ್ಯಕ್ಕೂ ರೆಫರಿಯಾಗಿಲ್ಲ.

ನಾವು ಮಾಡಿದ ಆರೋಪಕ್ಕೆ ಏನು ಆಧಾರವಿತ್ತು? ಅಂಥ ಆರೋಪ ಮಾಡುವವರು ಏನನ್ನು ತೋರಿಸಬೇಕು? ಇದನ್ನು ಕಲಿಯೋಕೆ ಎನ್‌ಬಿಎಗಿಂತ ಒಳ್ಳೆ ಪ್ರಯೋಗಶಾಲೆ ಸಿಗಲಿಕ್ಕಿಲ್ಲ. ಅಲ್ಲಿ ದುಡ್ಡಿದೆ, ಹಗರಣವಿದೆ, ಪ್ರತಿ ಸೀಟಿಯ ದಾಖಲೆಯೂ ಇದೆ. ಹಾಗಾಗಿ ಈ ಸಲ ಈ ವಿಷಯವನ್ನೇ ಕೂತು ಓದೋಣ ಅಂದುಕೊಂಡೆವು.

ಮೊದಲು ಪ್ರಶ್ನೆಯನ್ನೇ ಬಿಡಿಸೋಣ

"ರೆಫರಿಗಳು ಲೀಗ್‌ಗೆ ಲಾಭವಾಗುವ ಹಾಗೆ ಪ್ಲೇಆಫ್ ತಿರುಗಿಸ್ತಾರಾ?" ಅಂತ ಕೇಳಿದರೆ ಒಂದೇ ಪ್ರಶ್ನೆ ಅನ್ನಿಸುತ್ತೆ. ಬಿಡಿಸಿ ನೋಡಿದರೆ ಮೂರಿವೆ.

ಒಂದು, ಆದೇಶ. ಲೀಗಿನ ಆಫೀಸಿನಿಂದ ಯಾರೋ ಫೋನ್ ಮಾಡಿ "ಇವತ್ತು ಇವರು ಗೆಲ್ಲಲಿ" ಅನ್ನುವುದು. ಇದು ನೇರ ಮೋಸ.

ಎರಡು, ಸುಳಿವು. ಯಾರೂ ಏನೂ ಹೇಳುವುದಿಲ್ಲ. ಆದರೆ ಯಾವ ಥರದ ರೆಫರಿಗೆ ಮುಂದಿನ ಸುತ್ತಿನ ಪಂದ್ಯ ಸಿಗುತ್ತೆ, ಮೇಲಿನವರಿಗೆ ಏನು ಇಷ್ಟ ಅನ್ನುವುದು ರೆಫರಿಗಳಿಗೆ ತಾನಾಗಿಯೇ ಅರ್ಥವಾಗಿರುತ್ತೆ.

ಮೂರು, ಮನುಷ್ಯಸಹಜ ಒಲವು. ರೆಫರಿ ಪ್ರಾಮಾಣಿಕನೇ. ಆದರೆ ಜನರ ಕೂಗು, ಸೋಲುತ್ತಿರುವವರ ಮೇಲಿನ ಕನಿಕರ, ಹಿಂದಿನ ತಪ್ಪನ್ನು ಸರಿದೂಗಿಸುವ ಆಸೆ ಅವನ ಕೈಯನ್ನು ಕೂದಲೆಳೆಯಷ್ಟು ವಾಲಿಸುತ್ತವೆ. ಆ ವಾಲುವಿಕೆಯಿಂದ ಲೀಗ್‌ಗೆ ಲಾಭವಾಗೋದು ಕಾಕತಾಳೀಯ.

ಈ ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಜಗಳ ಆಡೋದರಿಂದಲೇ ವಾದ ಮುಗಿಯೋದಿಲ್ಲ. ಒಬ್ಬ ಮೊದಲನೆಯದನ್ನು ಅಲ್ಲಗಳೆಯುತ್ತಾನೆ, ಇನ್ನೊಬ್ಬ ಮೂರನೆಯದಕ್ಕೆ ಸಾಕ್ಷಿ ಕೊಡುತ್ತಾನೆ, ಇಬ್ಬರೂ ತಾವೇ ಗೆದ್ದೆವು ಅಂದುಕೊಳ್ಳುತ್ತಾರೆ.

ಲಾಭ ಇದೆಯೇ ಅನ್ನುವುದರಲ್ಲಿ ಮಾತ್ರ ಅನುಮಾನ ಬೇಡ. 2024ರಲ್ಲಿ ಎನ್‌ಬಿಎ ಡಿಸ್ನಿ, ಎನ್‌ಬಿಸಿಯೂನಿವರ್ಸಲ್ ಮತ್ತು ಅಮೆಜಾನ್ ಜೊತೆ 11 ವರ್ಷಗಳ ಪ್ರಸಾರ ಒಪ್ಪಂದ ಮಾಡಿಕೊಂಡಿತು. ಅದರ ಮೊತ್ತ ಸುಮಾರು 76 ಬಿಲಿಯನ್ ಡಾಲರ್. ಏಳು ಪಂದ್ಯಗಳ ಸರಣಿ ನಾಲ್ಕಕ್ಕೇ ಮುಗಿದರೆ ಮೂರು ರಾತ್ರಿಯ ಟಿಕೆಟ್, ಜಾಹೀರಾತು, ವೀಕ್ಷಕರು ಎಲ್ಲಾ ಖೋತಾ. ಆದರೆ ಲಾಭ ಇದೆ ಅಂದ ಮಾತ್ರಕ್ಕೆ ಅಪರಾಧ ನಡೆದಿದೆ ಅಂತಲ್ಲ. ಪರೀಕ್ಷೆ ಮುಂದೆ ಹೋದರೆ ನಮಗೆಲ್ಲಾ ಲಾಭ, ಹಾಗಂತ ಪರೀಕ್ಷೆ ಮುಂದೆ ಹಾಕಿಸಿದ್ದು ನಾವೇ ಅನ್ನೋಕಾಗುತ್ತಾ?

2002ರ ಆರನೇ ಪಂದ್ಯ

ಈ ಚರ್ಚೆ ಎಲ್ಲೇ ನಡೆದರೂ ಒಂದು ರಾತ್ರಿಯ ಹೆಸರು ಬಂದೇ ಬರುತ್ತೆ: 2002ರ ಮೇ 31. ವೆಸ್ಟರ್ನ್ ಕಾನ್ಫರೆನ್ಸ್ ಫೈನಲ್ಸ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ 3–2ರಿಂದ ಮುಂದಿತ್ತು. ಆರನೇ ಪಂದ್ಯ ಲಾಸ್ ಏಂಜಲೀಸ್‌ನಲ್ಲಿ. ಲೇಕರ್ಸ್ 106–102ರಿಂದ ಗೆದ್ದರು. ಜನ ನೆನಪಿಟ್ಟುಕೊಂಡಿರೋದು ಈ ಸ್ಕೋರನ್ನಲ್ಲ, ಫ್ರೀ ಥ್ರೋಗಳ ಲೆಕ್ಕವನ್ನು. ಇಡೀ ಪಂದ್ಯದಲ್ಲಿ ಲೇಕರ್ಸ್‌ಗೆ 40 ಫ್ರೀ ಥ್ರೋ ಸಿಕ್ಕವು, ಕಿಂಗ್ಸ್‌ಗೆ 25. ಲೇಕರ್ಸ್‌ನ ಆ 40ರಲ್ಲಿ 27 ಬಂದದ್ದು ಕೊನೆಯ ಕ್ವಾರ್ಟರ್ ಒಂದರಲ್ಲೇ. ಕಿಂಗ್ಸ್‌ನ ದೊಡ್ಡಾಳುಗಳಾದ ವ್ಲಾಡೆ ಡಿವಾಚ್ ಮತ್ತು ಸ್ಕಾಟ್ ಪೊಲಾರ್ಡ್ ಇಬ್ಬರೂ ಆರು ಫೌಲ್ ಆಗಿ ಹೊರಗೆ ಹೋದರು. ಕೊನೆಯ ಕ್ಷಣಗಳಲ್ಲಿ ಕೋಬಿ ಬ್ರಯಾಂಟ್ ಮೊಣಕೈ ಮೈಕ್ ಬಿಬ್ಬಿಯ ಮೂಗಿಗೆ ತಗುಲಿದ್ದನ್ನು ಎಲ್ಲರೂ ನೋಡಿದರು, ಸೀಟಿ ಮಾತ್ರ ಕೇಳಲಿಲ್ಲ. ಗ್ರಾಹಕರ ಹಕ್ಕುಗಳಿಗೆ ಹೋರಾಡುವ ರಾಲ್ಫ್ ನೇಡರ್ ಲೀಗಿನ ಕಮಿಷನರ್ ಡೇವಿಡ್ ಸ್ಟರ್ನ್‌ಗೆ ಈ ಬಗ್ಗೆ ಪತ್ರವನ್ನೇ ಬರೆದರು.

ಕೇಳಿದರೆ ಮೈ ಉರಿಯುತ್ತೆ. ಆದರೆ ಅದೇ ಕಥೆಯ ಉಳಿದ ಭಾಗವನ್ನೂ ಓದಬೇಕು. ಏಳನೇ ಪಂದ್ಯ ಕಿಂಗ್ಸ್‌ನ ಊರಿನಲ್ಲೇ ನಡೆಯಿತು, ಓವರ್‌ಟೈಮ್‌ಗೆ ಹೋಯಿತು. ಅಲ್ಲಿ ಕಿಂಗ್ಸ್ ತಮಗೆ ಸಿಕ್ಕ 30 ಫ್ರೀ ಥ್ರೋಗಳಲ್ಲಿ 14ನ್ನು ಕೈಚೆಲ್ಲಿದರು, 20 ಮೂರಂಕದ ಎಸೆತಗಳಲ್ಲಿ ಹಾಕಿದ್ದು ಎರಡೇ. ಸೋತದ್ದು 112–106ರಿಂದ. ಆ ಎಸೆತಗಳಿಗೆ ಯಾವ ರೆಫರಿಯೂ ಅಡ್ಡ ನಿಂತಿರಲಿಲ್ಲ. ಆಮೇಲೆ ಫೈನಲ್ಸ್‌ನಲ್ಲಿ ಲೇಕರ್ಸ್ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿ ನೆಟ್ಸ್ ತಂಡವನ್ನು 4–0ರಿಂದ ಗುಡಿಸಿ ಹಾಕಿದರು. ದೇಶದ ಅತಿ ದೊಡ್ಡ ಎರಡು ನಗರಗಳ ನಡುವಿನ ಆಟವನ್ನು ಎಳೆದು ಏಳಕ್ಕೆ ತಲುಪಿಸುವ ಅವಕಾಶವಿತ್ತು. ಅದು ನಾಲ್ಕಕ್ಕೇ ಮುಗಿಯಿತು.

ಲ್ಯಾಬ್ ದೃಷ್ಟಿಯಿಂದ ನೋಡಿದರೆ ಈ ಪಂದ್ಯದ ನಿಜವಾದ ತೊಂದರೆ ಬೇರೆಯೇ. ಆ ರಾತ್ರಿ ಲೇಕರ್ಸ್ ಸರಣಿಯಲ್ಲಿ ಹಿಂದಿದ್ದ ತಂಡ, ತವರಿನಲ್ಲಿ ಆಡುತ್ತಿದ್ದ ತಂಡ, ದೊಡ್ಡ ನಗರದ ತಂಡ. ಜೊತೆಗೆ ಬುಟ್ಟಿಯ ಕೆಳಗೆ ನಿಂತು ಮೈಮೇಲೆ ಬೀಳುವ ಶಕೀಲ್ ಓ'ನೀಲ್ ಇದ್ದ ತಂಡ. ಸೀಟಿ ಲೇಕರ್ಸ್ ಕಡೆ ವಾಲಿತು ಅಂತ ಒಪ್ಪಿಕೊಂಡರೂ ಯಾವ ಕಾರಣಕ್ಕೆ ವಾಲಿತು? ನಾಲ್ಕು ಅಜ್ಞಾತಗಳಿಗೆ ಒಂದೇ ಸಮೀಕರಣ. ಅದನ್ನು ಬಿಡಿಸೋಕೆ ಆಗಲ್ಲ ಅಂತ ಮೊದಲ ಸೆಮಿಸ್ಟರಿನಲ್ಲೇ ಕಲಿತಿದ್ದೇವೆ.

ಡೊನಾಗಿ ಹೇಳಿದ್ದೇನು, ಸಾಬೀತಾಗಿದ್ದೇನು?

2007ರ ಜುಲೈನಲ್ಲಿ ಟಿಮ್ ಡೊನಾಗಿ ಅನ್ನುವ ರೆಫರಿ ರಾಜೀನಾಮೆ ಕೊಟ್ಟ. 13 ಸೀಸನ್ ಸೀಟಿ ಊದಿದ್ದ ಆತ ತಾನೇ ನಡೆಸಿಕೊಟ್ಟ ಪಂದ್ಯಗಳ ಮೇಲೂ ಬಾಜಿ ಕಟ್ಟುತ್ತಿದ್ದ, ಒಳಗಿನ ಮಾಹಿತಿಯನ್ನು ಬಾಜಿಕೋರರಿಗೆ ದಾಟಿಸುತ್ತಿದ್ದ ಅಂತ ಎಫ್‌ಬಿಐ ತನಿಖೆಯಲ್ಲಿ ಹೊರಬಂತು. ಆಗಸ್ಟ್‌ನಲ್ಲಿ ಎರಡು ಆರೋಪಗಳಲ್ಲಿ ತಪ್ಪೊಪ್ಪಿಕೊಂಡ. 2008ರ ಜುಲೈನಲ್ಲಿ 15 ತಿಂಗಳ ಜೈಲು ಶಿಕ್ಷೆಯಾಯಿತು.

ಶಿಕ್ಷೆಗೆ ಮುಂಚೆ, 2008ರ ಜೂನ್‌ನಲ್ಲಿ, ಅವನ ವಕೀಲರು ಕೋರ್ಟಿಗೆ ಒಂದು ಪತ್ರ ಸಲ್ಲಿಸಿದರು. 2002ರ ಒಂದು ಪ್ಲೇಆಫ್ ಸರಣಿಯ ಆರನೇ ಪಂದ್ಯದಲ್ಲಿ ಲೀಗಿನ ಹಿತ ಕಾಯುವ ಇಬ್ಬರು ರೆಫರಿಗಳು ಸರಣಿಯನ್ನು ಏಳಕ್ಕೆ ಒಯ್ಯಲು ಬೇಕೆಂದೇ ಒಂದು ಕಡೆ ವಾಲಿದರು ಅನ್ನುವುದು ಅದರ ಸಾರ. ತಂಡಗಳ ಹೆಸರಿರಲಿಲ್ಲ, ಆದರೆ ಯಾವ ಪಂದ್ಯ ಅಂತ ಎಲ್ಲರಿಗೂ ಗೊತ್ತಾಯಿತು. ಲೀಗ್ ಈ ಮಾತನ್ನು ಪೂರ್ತಿ ತಳ್ಳಿಹಾಕಿತು. ಲೀಗೇ ನೇಮಿಸಿದ್ದ ಮಾಜಿ ಪ್ರಾಸಿಕ್ಯೂಟರ್ ಲಾರೆನ್ಸ್ ಪೆಡೊವಿಟ್ಜ್ ಅವರ ವರದಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂತು. ಡೊನಾಗಿ ಬಿಟ್ಟು ಬೇರೆ ಯಾವ ರೆಫರಿಯೂ ಬಾಜಿಯಲ್ಲಿ ತೊಡಗಿದ್ದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ಅದು ಹೇಳಿತು.

ಇಲ್ಲಿ ಎರಡು ಕಡೆಯವರೂ ಅವಸರ ಮಾಡ್ತಾರೆ. "ಡೊನಾಗಿ ಒಪ್ಪಿಕೊಂಡಾಯ್ತಲ್ಲ, ಲೀಗ್ ಫಿಕ್ಸಿಂಗ್ ಮಾಡ್ತದೆ" ಅನ್ನುವವರು ಗಮನಿಸಬೇಕು: ಅವನು ಜೈಲಿಗೆ ಹೋದದ್ದು ತನ್ನ ಲಾಭಕ್ಕಾಗಿ ಬಾಜಿ ಜಾಲದಲ್ಲಿ ತೊಡಗಿದ್ದಕ್ಕೆ. ಲೀಗಿನ ವಿರುದ್ಧ ಅವನು ಹೇಳಿದ್ದು ಶಿಕ್ಷೆಗೆ ಕಾಯುತ್ತಿದ್ದವನ ಮಾತು, ಅದು ಸಾಬೀತಾಗಲಿಲ್ಲ. "ತನಿಖೆ ಆಯ್ತಲ್ಲ, ಎಲ್ಲಾ ಸರಿ ಇದೆ" ಅನ್ನುವವರೂ ಗಮನಿಸಬೇಕು: ತನಿಖೆಗೆ ನೇಮಿಸಿದ್ದು ಲೀಗೇ. ಆದೇಶ ಸಿಕ್ಕಿಲ್ಲ ಅಂದರೆ ಒಲವೂ ಇಲ್ಲ ಅಂತ ಅರ್ಥವಲ್ಲ. ಫೈಲು ಹುಡುಕಿದರೆ ಸಿಗೋದು ಆದೇಶ, ಒಲವು ಸಿಗಬೇಕಾದರೆ ದತ್ತಾಂಶವನ್ನೇ ಹುಡುಕಬೇಕು.

ಸರಿ, ಲೆಕ್ಕ ಹಾಕೋಣ

"ಇಷ್ಟೊಂದು ಸರಣಿಗಳು ಏಳಕ್ಕೆ ಹೋಗೋದು ಹೇಗೆ?" ಅಂತ ಗೆಳೆಯ ಕೇಳಿದ. ಮೊದಲು ಎಷ್ಟು ಹೋಗಬೇಕು ಅಂತ ನೋಡೋಣ.

ಎರಡೂ ತಂಡ ಸಮಬಲ, ಪ್ರತಿ ಪಂದ್ಯ ನಾಣ್ಯ ಚಿಮ್ಮಿದ ಹಾಗೆ ಅಂದುಕೊಳ್ಳಿ. ಏಳನೇ ಪಂದ್ಯ ಬೇಕಾದರೆ ಮೊದಲ ಆರರಲ್ಲಿ 3–3 ಆಗಬೇಕು. ಆರರಲ್ಲಿ ಮೂರನ್ನು ಆರಿಸುವ ವಿಧಾನಗಳು 20. ಒಟ್ಟು ಸಾಧ್ಯತೆಗಳು 2ರ ಘಾತ 6, ಅಂದರೆ 64. ಹಾಗಾಗಿ ಸಂಭವನೀಯತೆ 20/64, ಶೇ 31.25. ಯಾರ ಕೈವಾಡವೂ ಇಲ್ಲದೆ ಮೂರರಲ್ಲಿ ಒಂದು ಸರಣಿ ಹತ್ತಿರತ್ತಿರ ಏಳಕ್ಕೆ ಹೋಗಬೇಕು. ಒಂದು ತಂಡ ಬಲವಾಗಿದ್ದು ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ 0.6 ಇದ್ದರೆ ಇದು ಶೇ 27.6ಕ್ಕೆ ಇಳಿಯುತ್ತೆ.

ಈಗ ನಿಜವಾದ ದಾಖಲೆ. 1947ರಿಂದ 2025ರವರೆಗೆ 79 ಫೈನಲ್ಸ್ ನಡೆದಿವೆ. ಏಳನೇ ಪಂದ್ಯಕ್ಕೆ ಹೋದವು 20. ಶೇ 25ರಷ್ಟು. ನಾಣ್ಯ ಚಿಮ್ಮಿದರೆ ಬರಬೇಕಾದದ್ದಕ್ಕಿಂತ ಕಡಿಮೆಯೇ! ನಮ್ಮ ಗೆಳೆಯನಿಗೆ ಇದನ್ನು ತೋರಿಸಿದಾಗ ನಾವು ಗೆದ್ದೆವು ಅಂದುಕೊಂಡೆವು. ಅವನೂ ಎಂಜಿನಿಯರೇ ಅಲ್ವಾ, ತಿರುಗಿ ಕೇಳಿದ: "ವಾಲೋದು ಸ್ವಲ್ಪವೇ ಆದರೆ ಈ ಲೆಕ್ಕದಲ್ಲಿ ಕಾಣಿಸುತ್ತಾ?"

ಒಳ್ಳೆ ಪ್ರಶ್ನೆ. ಅದನ್ನೂ ಮಾಡಿ ನೋಡಿದೆವು. ಸರಣಿಯಲ್ಲಿ ಹಿಂದಿರುವ ತಂಡಕ್ಕೆ ರೆಫರಿಗಳ ಒಲವಿನಿಂದ ಗೆಲ್ಲುವ ಸಾಧ್ಯತೆ 0.50 ಬದಲು 0.52 ಆಗುತ್ತೆ ಅಂತ ಇಟ್ಟುಕೊಳ್ಳಿ. 1–0, 2–0, 2–1 ಹೀಗೆ ಒಂದೊಂದು ಸ್ಥಿತಿಯನ್ನೂ ಬರೆದು ಮುಂದುವರಿದರೆ ಏಳನೇ ಪಂದ್ಯದ ಸಾಧ್ಯತೆ ಶೇ 31.25ರಿಂದ ಸುಮಾರು ಶೇ 34ಕ್ಕೆ ಏರುತ್ತೆ. 79 ಫೈನಲ್ಸ್‌ಗೆ ಇದನ್ನು ಅನ್ವಯಿಸಿದರೆ 24.7ರ ಬದಲು 26.9 ಸರಣಿಗಳು ಏಳಕ್ಕೆ ಹೋಗಬೇಕು. ವ್ಯತ್ಯಾಸ ಎರಡು ಚಿಲ್ಲರೆ ಸರಣಿ. ಆದರೆ 79 ಸರಣಿಗಳಲ್ಲಿ ಬರೀ ಆಕಸ್ಮಿಕದಿಂದ ಆಗುವ ಏರಿಳಿತ, ಅಂದರೆ ಮಾನಕ ವಿಚಲನೆ, 4.1. ಸಿಗ್ನಲ್‌ಗಿಂತ ನಾಯ್ಸ್ ದುಪ್ಪಟ್ಟು! ಈ ಒಲವು ಎರಡು ಮಾನಕ ವಿಚಲನೆಯಷ್ಟು ಎದ್ದು ಕಾಣಬೇಕಾದರೆ ಸುಮಾರು 1100 ಸರಣಿ ಬೇಕು. ವರ್ಷಕ್ಕೆ ಪ್ಲೇಆಫ್‌ನಲ್ಲಿ ನಡೆಯುವುದು 15 ಸರಣಿ. ಅಂದರೆ 73 ವರ್ಷ ಕಾಯಬೇಕು, ಅಷ್ಟೂ ವರ್ಷ ಆಟದಲ್ಲಿ ಬೇರೇನೂ ಬದಲಾಗಬಾರದು!

ನಮಗೆ ಈ ಲೆಕ್ಕ ಕಲಿಸಿದ್ದು ಇಷ್ಟು. ಸರಣಿ ಎಷ್ಟು ಉದ್ದ ಹೋಯಿತು, ಯಾರು ಗೆದ್ದರು ಅನ್ನುವುದನ್ನು ನೋಡಿ ಸೂಕ್ಷ್ಮ ಒಲವನ್ನು ಸಾಬೀತು ಮಾಡೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ. "ನೋಡಿ, ಸಣ್ಣ ಊರಿನ ಸ್ಯಾನ್ ಆಂಟೋನಿಯೊ ಐದು ಸಲ ಗೆದ್ದಿದೆ, ನ್ಯೂಯಾರ್ಕ್ ನಿಕ್ಸ್ 1973ರ ನಂತರ 2025ರವರೆಗೆ ಒಂದು ಸಲವೂ ಗೆದ್ದಿಲ್ಲ" ಅನ್ನುವ ವಾದವೂ ಅಷ್ಟೇ. ಅದು "ಚಾಂಪಿಯನ್ ಯಾರಾಗಬೇಕು ಅಂತ ಲೀಗ್ ಮೊದಲೇ ನಿರ್ಧರಿಸುತ್ತೆ" ಅನ್ನುವ ದೊಡ್ಡ ಕಥೆಯನ್ನು ಮುರಿಯುತ್ತೆ. ಸಣ್ಣ ಒಲವಿನ ಬಗ್ಗೆ ಅದು ಏನೂ ಹೇಳೋದಿಲ್ಲ.

ತವರು ಅನ್ನುವ ಅಡ್ಡಿ

ಇನ್ನೊಂದು ಬಲೆ ಇದೆ. ಈಗ ಸರಣಿಗಳು 2-2-1-1-1 ಕ್ರಮದಲ್ಲಿ ನಡೆಯುತ್ತವೆ. ಮೇಲಿನ ಶ್ರೇಯಾಂಕದ ತಂಡಕ್ಕೆ ಮೊದಲ ಎರಡು ಪಂದ್ಯ ತವರಿನಲ್ಲಿ, ಆಮೇಲಿನ ಎರಡು ಎದುರಾಳಿಯ ಊರಿನಲ್ಲಿ, ಐದು ಮತ್ತು ಏಳು ಮತ್ತೆ ತವರಿನಲ್ಲಿ. ಅಂದರೆ ಮೊದಲ ಐದರಲ್ಲಿ ಮೂರು ಪಂದ್ಯ ಬಲಶಾಲಿಗಳ ಊರಿನಲ್ಲೇ. ಹಾಗಾಗಿ 3–2ರಿಂದ ಮುಂದಿರುವವರು ಸಾಮಾನ್ಯವಾಗಿ ಅವರೇ, ಆರನೇ ಪಂದ್ಯ ಸಾಮಾನ್ಯವಾಗಿ ಹಿಂದಿರುವವರ ಊರಿನಲ್ಲಿ. "ಹಿಂದಿದ್ದವರು ಆರನೇ ಪಂದ್ಯದಲ್ಲಿ ಎದ್ದು ನಿಂತರು, ಸೀಟಿಯೂ ಅವರ ಕಡೆಗಿತ್ತು" ಅಂತ ನಮಗೆ ಕಾಣೋದರಲ್ಲಿ ತವರಿನ ಪಾಲೇ ದೊಡ್ಡದು. ನಮ್ಮ 2025ರ ಜೂನ್ 20ರ ಬೆಳಿಗ್ಗೆ ಆದದ್ದೂ ಇದೇ: ಪೇಸರ್ಸ್ ಹಿಂದಿದ್ದರು, ತವರಿನಲ್ಲೂ ಇದ್ದರು. ಮೂರು ದಿನ ಬಿಟ್ಟು ನಡೆದ ಏಳನೇ ಪಂದ್ಯವನ್ನು ಥಂಡರ್ ತಮ್ಮ ತವರಿನಲ್ಲಿ 103–91ರಿಂದ ಗೆದ್ದರು.

ಇದರ ಜೊತೆ ಆಟಗಾರರೂ ಬದಲಾಗುತ್ತಾರೆ. ಸೋತರೆ ಮನೆಗೆ ಹೋಗಬೇಕು ಅನ್ನುವ ತಂಡ ದೂರದಿಂದ ಎಸೆಯೋದನ್ನು ಕಡಿಮೆ ಮಾಡಿ ಬುಟ್ಟಿಯತ್ತ ನುಗ್ಗುತ್ತೆ. ನುಗ್ಗಿದವರಿಗೆ ಫ್ರೀ ಥ್ರೋ ಜಾಸ್ತಿ. ಫ್ರೀ ಥ್ರೋ ಪಟ್ಟಿ ಹಿಡಿದು ರೆಫರಿಯನ್ನು ಅಳೆಯೋಕೆ ಹೋದರೆ ನಾವು ಅಳೆಯುತ್ತಿರೋದು ಆಟದ ಶೈಲಿಯನ್ನೋ ರೆಫರಿಯನ್ನೋ ಗೊತ್ತಾಗಲ್ಲ.

ಹಾಗಾದರೆ ಅಳೆಯೋದು ಹೇಗೆ?

ಜೋಸೆಫ್ ಪ್ರೈಸ್, ಮಾರ್ಕ್ ರೀಮರ್ ಮತ್ತು ಡೇನಿಯಲ್ ಸ್ಟೋನ್ ಅನ್ನುವ ಅರ್ಥಶಾಸ್ತ್ರಜ್ಞರು 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ಒಂದು ಚಂದದ ದಾರಿ ಹುಡುಕಿತು. ಅವರು ಫ್ರೀ ಥ್ರೋಗಳನ್ನು ಬಿಟ್ಟು ಟರ್ನ್‌ಓವರ್‌ಗಳನ್ನು, ಅಂದರೆ ಚೆಂಡು ಎದುರಾಳಿಯ ಪಾಲಾಗುವ ಘಟನೆಗಳನ್ನು ತೆಗೆದುಕೊಂಡರು. ಟರ್ನ್‌ಓವರ್‌ನಲ್ಲಿ ಎರಡು ಜಾತಿ. ಟ್ರಾವೆಲಿಂಗ್, ಆಫೆನ್ಸಿವ್ ಫೌಲ್ ಇಂಥವು ರೆಫರಿ ಸೀಟಿ ಊದಿದರೆ ಮಾತ್ರ ಆಗುತ್ತವೆ, ಅವನ ವಿವೇಚನೆಗೆ ಬಿಟ್ಟದ್ದು. ಕೆಟ್ಟ ಪಾಸ್ ಕೊಟ್ಟು ಚೆಂಡು ಎದುರಾಳಿಯ ಕೈಸೇರಿದರೆ ರೆಫರಿಗೆ ಅಲ್ಲಿ ಕೆಲಸವೇ ಇಲ್ಲ.

ಈಗ ಹೋಲಿಸಿ. ಒಂದು ತಂಡ ಒಂದು ರಾತ್ರಿ ಎಚ್ಚರದಿಂದ ಆಡಿದರೆ ಎರಡೂ ಜಾತಿಯ ಟರ್ನ್‌ಓವರ್ ಕಡಿಮೆಯಾಗಬೇಕು. ರೆಫರಿಯ ವಿವೇಚನೆಯದು ಮಾತ್ರ ಕಡಿಮೆಯಾಗಿ ಇನ್ನೊಂದು ಹಾಗೇ ಇದ್ದರೆ ಅನುಮಾನ ರೆಫರಿಯ ಕಡೆ ತಿರುಗುತ್ತೆ. ಎರಡನೇ ಜಾತಿಯೇ ಇಲ್ಲಿ ಕಂಟ್ರೋಲ್. ಲ್ಯಾಬಿನಲ್ಲಿ ನಾವು ಸ್ಯಾಂಪಲ್ ಪಕ್ಕ ಬ್ಲ್ಯಾಂಕ್ ಇಡ್ತೀವಲ್ಲ, ಹಾಗೆ.

ಅವರಿಗೆ ಸಿಕ್ಕಿದ್ದು ಮೂರು ಒಲವು: ತವರಿನ ತಂಡದ ಕಡೆ, ಆ ಪಂದ್ಯದಲ್ಲಿ ಸೋಲುತ್ತಿರುವ ತಂಡದ ಕಡೆ, ಪ್ಲೇಆಫ್ ಸರಣಿಯಲ್ಲಿ ಹಿಂದಿರುವ ತಂಡದ ಕಡೆ. ಮೂರೂ ಪ್ರೇಕ್ಷಕರ ಆಸಕ್ತಿಯನ್ನು ಹೆಚ್ಚಿಸುವಂಥವು, ಹಾಗಾಗಿ ಲೀಗ್‌ಗೆ ಲಾಭ ತರುವಂಥವು. ನಮ್ಮ ಗೆಳೆಯನ ಮುಖದಲ್ಲಿ ಇದನ್ನು ಕೇಳಿದಾಗ ಎಂಥಾ ನಗು ಬಂತು ಅಂತೀರಿ!

ಆದರೆ ಆ ಅಧ್ಯಯನ ಏನನ್ನು ಹೇಳೋದಿಲ್ಲ ಅನ್ನೋದೂ ಮುಖ್ಯ. ಲೀಗ್ ಆದೇಶ ಕೊಟ್ಟಿತು ಅಂತ ಅದು ಹೇಳೋದಿಲ್ಲ. ದತ್ತಾಂಶದಲ್ಲಿ ಕಾಣೋದು ಸೀಟಿ ಮಾತ್ರ, ಸೀಟಿ ಊದಿದವನ ಮನಸ್ಸು ಕಾಣೋದಿಲ್ಲ.

ಆದೇಶ ಇಲ್ಲದೆಯೂ ಕೈ ವಾಲುತ್ತೆ

ಮನಸ್ಸಿನ ಬಗ್ಗೆ ಬೇರೆ ಕಡೆಯಿಂದ ಒಂದು ಸುಳಿವು ಸಿಗುತ್ತೆ. ಇಂಗ್ಲೆಂಡಿನಲ್ಲಿ ಅಲನ್ ನೆವಿಲ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಅದು. 40 ಫುಟ್‌ಬಾಲ್ ರೆಫರಿಗಳಿಗೆ ಲಿವರ್‌ಪೂಲ್ ಮತ್ತು ಲೆಸ್ಟರ್ ಸಿಟಿ ನಡುವಿನ ಪಂದ್ಯದ 47 ಸೆಣಸಾಟಗಳ ವಿಡಿಯೋ ತೋರಿಸಿದರು. ಕೆಲವರಿಗೆ ಪ್ರೇಕ್ಷಕರ ಗದ್ದಲದ ಸಮೇತ, ಉಳಿದವರಿಗೆ ಸದ್ದಿಲ್ಲದೆ. ಗದ್ದಲ ಕೇಳಿಸಿಕೊಂಡವರು ತವರಿನ ತಂಡದ ವಿರುದ್ಧ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಆ ರೆಫರಿಗಳು ಕೂತಿದ್ದು ಟಿವಿ ಮುಂದೆ. ಅವರಿಗೆ ಯಾರೂ ದುಡ್ಡು ಕೊಟ್ಟಿರಲಿಲ್ಲ, ಯಾವ ಲೀಗೂ ಫೋನ್ ಮಾಡಿರಲಿಲ್ಲ. ಬರೀ ಸದ್ದು.

ಇನ್ನೊಂದು ಅಧ್ಯಯನ ಇದಕ್ಕಿಂತ ಕಹಿ, ಆದರೆ ಅದರ ಕೊನೆ ಸಿಹಿ. ಎನ್‌ಬಿಎ ರೆಫರಿಗಳು ತಮ್ಮ ಬಣ್ಣದವರಲ್ಲದ ಆಟಗಾರರ ವಿರುದ್ಧ ಸ್ವಲ್ಪ ಹೆಚ್ಚು ಫೌಲ್ ಕೊಡುತ್ತಾರೆ ಅಂತ ಜೋಸೆಫ್ ಪ್ರೈಸ್ ಮತ್ತು ಜಸ್ಟಿನ್ ವುಲ್ಫರ್ಸ್ ತೋರಿಸಿದರು. 2007ರಲ್ಲಿ ಈ ಸುದ್ದಿ ಪತ್ರಿಕೆಗಳಲ್ಲಿ ದೊಡ್ಡದಾಗಿ ಬಂತು. ಲೀಗ್ ಒಪ್ಪಲಿಲ್ಲ. ಆದರೆ ಅದೇ ಸಂಶೋಧಕರು ಡೆವಿನ್ ಪೋಪ್ ಜೊತೆ ಸೇರಿ ಆಮೇಲಿನ ವರ್ಷಗಳ ದಾಖಲೆಗಳನ್ನು ನೋಡಿದಾಗ ಆ ಒಲವು ಮಾಯವಾಗಿತ್ತು. ಒಲವು ಇದೆ ಅನ್ನುವುದು ಎಲ್ಲರಿಗೂ ಗೊತ್ತಾಗಿದ್ದೇ ಮದ್ದಾಯಿತು ಅನ್ನುವುದು ಅವರ ತೀರ್ಮಾನ.

ಈ ಎರಡನ್ನೂ ಪಕ್ಕಪಕ್ಕ ಇಟ್ಟಾಗ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಒಲವಿಗೆ ಪಿತೂರಿ ಬೇಕಿಲ್ಲ. ಅದನ್ನು ತಿದ್ದೋದಕ್ಕೆ ಪಿತೂರಿಗಾರನನ್ನು ಹಿಡಿಯಬೇಕಿಲ್ಲ, ಅಳತೆ ಮಾಡಿ ಎಲ್ಲರ ಮುಂದೆ ಇಡಬೇಕು.

ಲೀಗ್ ಏನು ಮಾಡಿದೆ, ಏನು ಮಾಡಿಲ್ಲ

ಅಳತೆಯ ಕಡೆ ಎನ್‌ಬಿಎ ನಡೆದಿದೆ, ಆದರೆ ಪ್ರತಿ ಹೆಜ್ಜೆಯ ಹಿಂದೆ ಒಂದು ಪೆಟ್ಟಿದೆ. ಅದೇ 2002ರ ಸರಣಿಯ ನಾಲ್ಕನೇ ಪಂದ್ಯದಲ್ಲಿ ಲೇಕರ್ಸ್‌ನ ಸಮಾಕಿ ವಾಕರ್ ಅರ್ಧ ವಿರಾಮದ ಗಂಟೆ ಹೊಡೆದ ಮೇಲೆ ಎಸೆದ ಚೆಂಡನ್ನು ರೆಫರಿಗಳು ಲೆಕ್ಕಕ್ಕೆ ತೆಗೆದುಕೊಂಡರು. ಮೂರು ಅಂಕ. ಪಂದ್ಯವನ್ನು ಕಿಂಗ್ಸ್ ಸೋತದ್ದು ಒಂದೇ ಅಂಕದಿಂದ! ಮುಂದಿನ ಸೀಸನ್‌ನಿಂದಲೇ ವಿಡಿಯೋ ಮರುಪರಿಶೀಲನೆ ಬಂತು. 2014ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ರಿಪ್ಲೇ ಕೇಂದ್ರ ಶುರುವಾಯಿತು. 2015ರ ಮಾರ್ಚ್‌ನಿಂದ ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷದ ಪ್ರತಿ ತೀರ್ಪೂ ಸರಿಯೋ ತಪ್ಪೋ ಅಂತ ಮರುದಿನ ಬಹಿರಂಗವಾಗಿ ಪ್ರಕಟವಾಗುತ್ತಿದೆ. ಊದದೇ ಬಿಟ್ಟ ಸೀಟಿಗಳ ತಪ್ಪೂ ಅದರಲ್ಲಿ ಬರುತ್ತೆ. 2019–20ರಿಂದ ಕೋಚ್‌ಗಳು ತೀರ್ಪನ್ನು ಪ್ರಶ್ನಿಸಬಹುದು.

ಇದೆಲ್ಲಾ ಒಳ್ಳೆಯದೇ. ಆದರೆ 48 ನಿಮಿಷದ ಆಟದಲ್ಲಿ ಬೆಳಕು ಬಿದ್ದಿರೋದು ಎರಡು ನಿಮಿಷದ ಮೇಲೆ. ಎಲ್ಲಕ್ಕಿಂತ ಮುಖ್ಯವಾಗಿ, ರೆಫರಿಗೆ ಸಂಬಳ ಕೊಡುವುದು ಲೀಗ್, ಅಂಕ ಕೊಡುವುದು ಲೀಗ್, ಯಾರು ಮುಂದಿನ ಸುತ್ತಿಗೆ ಹೋಗಬೇಕು ಅಂತ ಆರಿಸುವುದು ಲೀಗ್, ಸರಣಿ ಉದ್ದವಾದರೆ ಲಾಭ ಪಡೆಯುವುದೂ ಲೀಗ್. ಪ್ರಶ್ನೆಪತ್ರಿಕೆ ಬರೆದವರು, ಮೌಲ್ಯಮಾಪಕರು, ಫಲಿತಾಂಶದಿಂದ ದುಡ್ಡು ಮಾಡುವವರು ಒಬ್ಬರೇ ಆದರೆ ಅವರು ಎಷ್ಟೇ ಪ್ರಾಮಾಣಿಕರಾದರೂ ಅನುಮಾನ ಹೋಗಲ್ಲ. ನಮ್ಮ ಅಭಿಪ್ರಾಯದಲ್ಲಿ ತಕರಾರು ಎತ್ತಬೇಕಾದದ್ದು ಇಲ್ಲಿ. ಮೌಲ್ಯಮಾಪನ ಲೀಗಿನ ಹೊರಗೆ ಹೋಗಬೇಕು, ಪೂರ್ತಿ 48 ನಿಮಿಷದ ಲೆಕ್ಕ ಹೊರಗೆ ಬರಬೇಕು.

ನಮ್ಮ ಉತ್ತರ

ಗೆಳೆಯನಿಗೆ ನಾವು ಕೊಟ್ಟ ಉತ್ತರ ಇದು. ಆದೇಶ ಇತ್ತು ಅನ್ನೋದಕ್ಕೆ ಸಾಬೀತಾದ ಪುರಾವೆ ಇಲ್ಲ. ಹಿಂದಿರುವವರ ಕಡೆ, ತವರಿನವರ ಕಡೆ ಸಣ್ಣ ಒಲವು ಇದ್ದದ್ದಕ್ಕೆ ಒಳ್ಳೆಯ ಪುರಾವೆ ಇದೆ. ಅದು ಲೀಗ್‌ಗೆ ಲಾಭ ಅನ್ನುವುದೂ ನಿಜ. ಆದರೆ ಯಾವುದೇ ಒಂದು ಪಂದ್ಯವನ್ನು, ಯಾವುದೇ ಒಬ್ಬ ರೆಫರಿಯನ್ನು ಬೆಟ್ಟು ಮಾಡಿ "ಇವನೇ ಮಾಡಿದ" ಅನ್ನೋಕೆ ಈ ಪುರಾವೆ ಸಾಲದು. ಸಾವಿರಾರು ಸೀಟಿಗಳ ಸರಾಸರಿಯಲ್ಲಿ ಕಾಣುವ ಒಲವು ಒಂದು ಸೀಟಿಯಲ್ಲಿ ಕಾಣಲ್ಲ.

ಆಸಕ್ತಿ ಇದ್ದವರು ಒಂದು ಪ್ರಯೋಗ ಮಾಡಿ. ಹತ್ತು ಸಾಲಿನ ಪೈಥಾನ್ ಸಾಕು. ಸಮಬಲದ ಎರಡು ತಂಡ, ತವರಿನಲ್ಲಿ ಗೆಲ್ಲುವ ಸಾಧ್ಯತೆ 0.6, ಕ್ರಮ 2-2-1-1-1. ಲಕ್ಷ ಸರಣಿ ಓಡಿಸಿ. ಏಳನೇ ಪಂದ್ಯಕ್ಕೆ ಹೋಗುವುದು ಶೇ 32ರ ಆಸುಪಾಸು ಬರುತ್ತೆ. ಅಂದರೆ ಬರೀ ತವರಿನ ಲಾಭವೇ ಶೇ 31.25ನ್ನು ಸ್ವಲ್ಪ ಮೇಲೆತ್ತಿತು, ರೆಫರಿಯ ಕೈ ಇಲ್ಲದೆ. ಆಮೇಲೆ ಹಿಂದಿರುವ ತಂಡಕ್ಕೆ 0.02 ಸೇರಿಸಿ, ಲಕ್ಷದ ಬದಲು 79 ಸರಣಿ ಮಾತ್ರ ಓಡಿಸಿ, ಹತ್ತು ಸಲ. ಯಾವ ಹತ್ತರಲ್ಲಿ ರೆಫರಿ ವಾಲಿದ್ದಾನೆ, ಯಾವುದರಲ್ಲಿ ಇಲ್ಲ ಅಂತ ಪಕ್ಕದವರಿಗೆ ಹೇಳದೆ ಫಲಿತಾಂಶ ತೋರಿಸಿ. ಅವರು ಊಹಿಸಲಿ, ನೋಡೋಣ.

ಇನ್ನು ನಮ್ಮ ಇಂಟರ್-ಬ್ರಾಂಚ್ ಫೈನಲ್. ನಮ್ಮ ಹತ್ತಿರ ಇದ್ದದ್ದು ಒಂದು ಪಂದ್ಯ, ಒಬ್ಬ ರೆಫರಿ, ಸೋತ ಸಿಟ್ಟು. ಕಂಟ್ರೋಲ್ ಇರಲಿಲ್ಲ, ಲೆಕ್ಕ ಇರಲಿಲ್ಲ. ಅವನ ಕೈ ಎಲ್ಲೋ ಒಂದು ಕಡೆ ವಾಲಿರಬಹುದು, ಅಂಗಳದ ಸುತ್ತ ನಿಂತು ಅಷ್ಟು ಗದ್ದಲ ಮಾಡುತ್ತಿದ್ದವರು ನಾವೇ ತಾನೇ. ಆದರೆ ಮೂರನೇ ಪಂದ್ಯಕ್ಕೆ ಜನ ಸೇರಲಿ ಅಂತ ಅವನು ಹಾಗೆ ಮಾಡಿದ ಅನ್ನೋಕೆ ನಮ್ಮಲ್ಲಿ ಏನೂ ಇರಲಿಲ್ಲ. ಈ ಲೇಖನ ಬರೆದು ಮುಗಿಸುವ ಮುಂಚೆ ನಾವು ಅವನ ರೂಮಿಗೆ ಹೋಗಿ ಅದನ್ನು ಹೇಳಿ ಬಂದೆವು. ಮುಂದಿನ ಟೂರ್ನಮೆಂಟಿಗೆ ಎರಡು ಬದಿಯಲ್ಲೂ ಮೊಬೈಲ್ ಇಟ್ಟು ಪೂರ್ತಿ ಪಂದ್ಯ ರೆಕಾರ್ಡ್ ಮಾಡೋಣ, ಎರಡೂ ಬ್ರಾಂಚಿನ ಒಬ್ಬೊಬ್ಬರು ಕೂತು ಪ್ರತಿ ಸೀಟಿ ಬರೆದುಕೊಳ್ಳಲಿ ಅಂತ ಅವನೇ ಸಲಹೆ ಕೊಟ್ಟ.

ಸೀಟಿ ಯಾರು ಊದ್ತಾರೆ ಅಂತ ಕೇಳಿದೆವು. "ನೀವು ಬರೆದುಕೊಳ್ಳೋದಾದರೆ ನಾನೇ ಊದ್ತೀನಿ" ಅಂದ.